ಆಸ್ಪಿರಿನ್ ಔಷಧದ ಕರ್ತೃತ್ವ ವಿಚಾರ

೧. ಪ್ರಸ್ತಾವನೆ

ಕರ್ತೃವಿನ ಹೆಸರು ತಿಳಿಯದ ಗ್ರಂಥವೊಂದು ದೊರೆತಾಗ ವಿದ್ವಾಂಸರು ಅದರ ಹೆಸರು, ಕರ್ತೃ, ಕಾಲ ಎಂಬ ಮೂರು ವಿಷಯಗಳನ್ನು ನಿರ್ಧರಿಸಲು ತೊಡಗುತ್ತಾರೆ. ಗ್ರಂಥದ ಒಳಗಿನ ಆಧಾರ ಯಾವುದು, ಹೊರಗಿನ ಆಧಾರ ಯಾವುದು, ಸಮಕಾಲೀನರ ಮಾತು ಯಾವುದು, ಬಹುಕಾಲದ ಮೇಲೆ ಹುಟ್ಟಿದ ಐತಿಹ್ಯ ಯಾವುದು ಎಂದು ವಿಂಗಡಿಸಿದ ಹೊರತು ಇಂಥ ನಿರ್ಣಯಕ್ಕೆ ಬರುವಂತಿಲ್ಲ. ಈ ಕ್ರಮವನ್ನು ಔಷಧವೊಂದರ ವಿಷಯದಲ್ಲಿ ಅನುಸರಿಸುವುದು ಮೊದಲಿಗೆ ವಿಲಕ್ಷಣವಾಗಿ ತೋರಬಹುದು. ಆದರೆ ನೋವು, ಜ್ವರ, ಉರಿಯೂತಗಳಿಗೆ ಕೊಡುವ ಆಸ್ಪಿರಿನ್ ಎಂಬ ಬಿಳಿಯ ಗುಳಿಗೆಯ ಚರಿತ್ರೆಯನ್ನು ಪರಿಶೀಲಿಸುವವರಿಗೆ ಇವೇ ಪ್ರಶ್ನೆಗಳು ಎದುರಾಗುತ್ತವೆ. ಅದರ ಹೆಸರಿನ ಒಡೆತನದ ಮೇಲೆ ನ್ಯಾಯಾಲಯದಲ್ಲಿ ವ್ಯಾಜ್ಯ ನಡೆದಿದೆ. ಅದನ್ನು ಮಾಡಿದವರು ಯಾರು ಎಂಬ ವಿಷಯದಲ್ಲಿ ವಿದ್ವಾಂಸರಿಗೂ ತಯಾರಿಕೆಯ ಸಂಸ್ಥೆಗೂ ಭಿನ್ನಾಭಿಪ್ರಾಯವಿದೆ. ಅದು ಶರೀರದಲ್ಲಿ ಹೇಗೆ ಕೆಲಸಮಾಡುತ್ತದೆ ಎಂಬುದಂತೂ ಮಾರಾಟಕ್ಕೆ ಬಂದು ೭೨ ವರ್ಷಗಳಾದ ಮೇಲೆ ತಿಳಿಯಿತು.

ಈ ಮೂರು ವಿಷಯಗಳಲ್ಲಿ ನಿಶ್ಚಿತವಾದುದೆಷ್ಟು, ಅನುಮಾನಕ್ಕೆ ಬಿಡತಕ್ಕುದೆಷ್ಟು ಎಂಬುದನ್ನು ವಿಚಾರಮಾಡುವುದೇ ಪ್ರಕೃತ ಲೇಖನದ ಉದ್ದೇಶ. ಇದು ಕೇವಲ ಕುತೂಹಲದ ವಿಷಯವಲ್ಲವೆಂಬುದೂ, ಒಬ್ಬ ಮನುಷ್ಯನಿಗೆ ಸಲ್ಲಬೇಕಾದ ನ್ಯಾಯವು ಇದರಲ್ಲಿ ಅಡಗಿದೆಯೆಂಬುದೂ ಮುಂದೆ ವಾಚಕರಿಗೆ ತಿಳಿದುಬರುವುದು.

೨. ತೊಗಟೆಯ ಪೂರ್ವಚರಿತ್ರೆ

ಆಸ್ಪಿರಿನ್ನಿನ ಮೂಲವನ್ನು ಹೇಳುವವರು ಸಾಮಾನ್ಯವಾಗಿ ಈಜಿಪ್ಟಿನಿಂದ ಆರಂಭಿಸುತ್ತಾರೆ. ಕ್ರಿ. ಪೂ. ಸುಮಾರು ೧೫೫೦ರದೆಂದು ಹೇಳುವ ಎಬರ್ಸ್ ಪಪೈರಸ್ ಎಂಬ ವೈದ್ಯಗ್ರಂಥದ ಔಷಧದ್ರವ್ಯಗಳಲ್ಲಿ ವಿಲ್ಲೋ ಮರವೂ ಸೇರಿದೆ. ಗ್ರೀಕರಲ್ಲಿ ಕ್ರಿ. ಶ. ಒಂದನೆಯ ಶತಮಾನದ ಡಯಾಸ್ಕೊರಿಡೀಸ್ ಎಂಬುವನು ತನ್ನ ದ್ರವ್ಯಗುಣ ಗ್ರಂಥದಲ್ಲಿ ಈ ಮರವನ್ನು ವಿವರಿಸಿದ್ದಾನೆ. ಆದರೆ ಅವನು ಹೇಳುವ ಪ್ರಯೋಗಗಳಲ್ಲೊಂದು, ತೊಗಟೆಯನ್ನು ಸುಟ್ಟ ಬೂದಿಯನ್ನು ಹುಳಿಕಾಡಿಯಲ್ಲಿ ನೆನೆಸಿ ಚರ್ಮದ ಗಂಟುಗಳಿಗೆ ಹಚ್ಚುವುದು. ಇದನ್ನು ಜ್ವರಕ್ಕೂ ನೋವಿಗೂ ಒಳಗೆ ಕೊಡುವ ಈಗಿನ ಗುಳಿಗೆಯ ಪೂರ್ವರೂಪವೆಂದು ಹೇಳುವುದು ಕಷ್ಟ. ಪ್ರಾಚೀನ ಉಲ್ಲೇಖಗಳಿಂದ ಹದಿನೆಂಟನೆಯ ಶತಮಾನದವರೆಗೆ ಕಡಿಯದೆ ಬಂದ ಒಂದು ಪರಂಪರೆಯನ್ನು ಕಲ್ಪಿಸಲು ಸಾಕಾದ ಆಧಾರಗಳಿಲ್ಲ. ಬಳಿಕ ಒಂದು ವಸ್ತುವಿಗೆ ಕೀರ್ತಿ ಬಂದಾಗ ಅದಕ್ಕೊಂದು ಹಳೆಯ ವಂಶಾವಳಿಯನ್ನು ಕಟ್ಟುವುದು ರಾಜವಂಶಗಳಲ್ಲಿ ಮಾತ್ರ ಕಾಣುವ ಪದ್ಧತಿಯಲ್ಲ.

ನಿಶ್ಚಿತವಾದ ಚರಿತ್ರೆಯು ೧೭೬೩ರಿಂದ ಮೊದಲಾಗುತ್ತದೆ. ಇಂಗ್ಲೆಂಡಿನ ಆಕ್ಸ್‌ಫರ್ಡ್ ಪ್ರಾಂತದ ಚಿಪಿಂಗ್ ನಾರ್ಟನ್ ಎಂಬ ಊರಿನ ಪಾದ್ರಿ ಎಡ್ವರ್ಡ್ ಸ್ಟೋನ್ ಎಂಬುವನು ಆ ವರ್ಷದ ಏಪ್ರಿಲ್ ೨೫ರಂದು ಲಂಡನ್ನಿನ ರಾಯಲ್ ಸೊಸೈಟಿಯ ಅಧ್ಯಕ್ಷನಿಗೆ ಪತ್ರವೊಂದನ್ನು ಬರೆದನು. ಕೆಲವು ವರ್ಷಗಳ ಹಿಂದೆ ಅವನು ವಿಲ್ಲೋ ಮರದ ತೊಗಟೆಯನ್ನು ಅಕಸ್ಮಾತ್ತಾಗಿ ನಾಲಗೆಗೆ ಇಟ್ಟು ನೋಡಿದಾಗ ಅದರ ಅತಿಯಾದ ಕಹಿಯು ಅವನಿಗೆ ಸಿಂಕೋನ ಮರದ ತೊಗಟೆಯನ್ನು ನೆನಪಿಗೆ ತಂದಿತು. ಸಿಂಕೋನವು ಚಳಿಜ್ವರಕ್ಕೆ ಪ್ರಸಿದ್ಧವಾದ ಔಷಧ. ದೂರದೇಶದಿಂದ ಬರುತ್ತಿದ್ದುದರಿಂದ ಬೆಲೆಯೂ ಹೆಚ್ಚು. ಸ್ಟೋನನು ಸುಮಾರು ಒಂದು ಪೌಂಡು ತೊಗಟೆಯನ್ನು ಚೀಲದಲ್ಲಿ ಹಾಕಿ, ರೊಟ್ಟಿ ಬೇಯಿಸುವ ಒಲೆಯ ಹೊರಮೈಗೆ ತೂಗಿಬಿಟ್ಟು, ಮೂರು ತಿಂಗಳಿಗೂ ಮೀರಿ ಒಣಗಿಸಿ, ಕುಟ್ಟಿ ಪುಡಿಮಾಡಿದನು. ಅದನ್ನು ನಾಲ್ಕು ಗಂಟೆಗಳಿಗೊಮ್ಮೆಯಂತೆ ಸುಮಾರು ೫೦ ಮಂದಿ ಜ್ವರಪೀಡಿತರಿಗೆ ಕೊಟ್ಟು ಗುಣವನ್ನು ಕಂಡನು. ತೇವದ ನೆಲದಲ್ಲಿ ಹುಟ್ಟುವ ರೋಗಕ್ಕೆ ತೇವದ ನೆಲದಲ್ಲಿಯೇ ಬೆಳೆಯುವ ಮರವು ಮದ್ದಾಗಿರಬೇಕೆಂಬ ಆ ಕಾಲದ ನಂಬಿಕೆಯೂ ಅವನಿಗೆ ಪ್ರೇರಕವಾಗಿದ್ದಿತು. ಅವನ ಕಾರಣವಾದವು ತಪ್ಪು. ಪರೀಕ್ಷೆಯು ಮಾತ್ರ ಆ ಕಾಲಕ್ಕೆ ಬಲು ಶ್ಲಾಘ್ಯವಾದುದು. ತೊಗಟೆಯು ಮಲೇರಿಯವನ್ನು ಗುಣಪಡಿಸುವುದಿಲ್ಲ. ಜ್ವರದ ತಾಪವನ್ನೂ ಮೈನೋವನ್ನೂ ಇಳಿಸುತ್ತದೆ. ಈ ಭೇದವನ್ನು ತಿಳಿಯುವ ಸಾಧನಗಳು ಅಂದು ಇರಲಿಲ್ಲ.

ಇಲ್ಲಿ ಗಮನಿಸತಕ್ಕ ಒಂದು ಸಂಗತಿಯುಂಟು. ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಈ ಲೇಖನವು ಅಚ್ಚಾದಾಗ ಲೇಖಕನ ಹೆಸರು ಎಡ್ಮಂಡ್ ಸ್ಟೋನ್ ಎಂದು ಬಿದ್ದಿತು. ಲಿಪಿಕಾರನ ಕೈತಪ್ಪಿನಿಂದ ಕವಿಯ ಹೆಸರು ಬದಲಾಗುವಂತೆ ಈ ಪಾದ್ರಿಯ ಹೆಸರೂ ಬದಲಾಗಿ, ಬಹುಕಾಲ ಅನೇಕ ಗ್ರಂಥಗಳಲ್ಲಿ ಹಾಗೆಯೇ ಉಳಿಯಿತು. ಈ ಔಷಧದ ಚರಿತ್ರೆಯಲ್ಲಿ ಕರ್ತೃವಿನ ಹೆಸರು ತಪ್ಪಾಗಿ ನಿಂತುದು ಇದು ಮೊದಲ ಸಲ.

೩. ತೊಗಟೆಯಿಂದ ಆಮ್ಲಕ್ಕೆ

ಹತ್ತೊಂಬತ್ತನೆಯ ಶತಮಾನದ ರಸಾಯನಶಾಸ್ತ್ರಜ್ಞರು ಸಸ್ಯಗಳ ಸಾರವನ್ನು ಬೇರ್ಪಡಿಸುವುದರಲ್ಲಿ ನಿರತರಾಗಿದ್ದರು. ೧೮೨೮ರಲ್ಲಿ ಮ್ಯೂನಿಕ್ ನಗರದ ಬುಖ್ನರ್ ಎಂಬುವನು ವಿಲ್ಲೋ ತೊಗಟೆಯಿಂದ ಕಹಿಯಾದ ಹಳದಿಯ ವಸ್ತುವೊಂದನ್ನು ಪಡೆದು, ಆ ಮರದ ಲ್ಯಾಟಿನ್ ನಾಮವಾದ ಸ್ಯಾಲಿಕ್ಸ್ ಎಂಬುದರಿಂದ ಅದನ್ನು ಸ್ಯಾಲಿಸಿನ್ ಎಂದು ಕರೆದನು. ಮರುವರ್ಷ ಫ್ರಾನ್ಸಿನ ಲೆರೂ ಎಂಬುವನು ಅದನ್ನು ಹರಳುಗಳ ರೂಪದಲ್ಲಿ ಪಡೆದನು. ೧೮೩೮ರಲ್ಲಿ ಇಟಲಿಯ ರಫಾಯೆಲೆ ಪಿರಿಯನು ಪ್ಯಾರಿಸ್ಸಿನಲ್ಲಿದ್ದಾಗ ಸ್ಯಾಲಿಸಿನ್ನಿನಿಂದ ಸ್ಯಾಲಿಸಿಲಿಕ್ ಆಮ್ಲವನ್ನು ಮಾಡಿದನು. ಇದೇ ಕಾಲದಲ್ಲಿ ಸ್ವಿಟ್ಸರ್ಲೆಂಡಿನ ಪಾಗೆನ್‌ಸ್ಟೆಖರ್ ಎಂಬುವನು ಸ್ಪೈರಿಯ ಎಂಬ ಹೂಗಿಡದಿಂದ ಬಟ್ಟಿಯಿಳಿಸಿದ ತೈಲವನ್ನು ಆಧರಿಸಿ, ಲೋವಿಗ್ ಎಂಬ ಜರ್ಮನ್ ವಿದ್ವಾಂಸನು ೧೮೩೫ರಲ್ಲಿ ಒಂದು ಆಮ್ಲವನ್ನು ಪಡೆದು ಅದಕ್ಕೆ ಸ್ಪೈರಾಮ್ಲವೆಂದು ಹೆಸರಿಟ್ಟನು. ಬಳಿಕ ಇವೆರಡೂ ಒಂದೇ ವಸ್ತುವೆಂದು ಸಿದ್ಧವಾಯಿತು. ಒಂದೇ ಕೃತಿಯು ಎರಡು ಪ್ರತಿಗಳಲ್ಲಿ ಎರಡು ಹೆಸರುಗಳಿಂದ ದೊರೆತಂತೆ ಆಯಿತು. ವಿಲ್ಲೋವಿನಿಂದ ಬಂದ ಹೆಸರು ಆಮ್ಲಕ್ಕೆ ನಿಂತಿತು; ಹೂಗಿಡದಿಂದ ಬಂದ ಹೆಸರು ಆಸ್ಪಿರಿನ್ ಎಂಬ ಪದದ ನಡುವೆ ಅಡಗಿ ಉಳಿಯಿತು.

ಸ್ಯಾಲಿಸಿಲಿಕ್ ಆಮ್ಲವನ್ನು ಸಸ್ಯದ ಸಹಾಯವಿಲ್ಲದೆ ತಯಾರಿಸುವ ಮಾರ್ಗವನ್ನು ಹರ್ಮನ್ ಕೋಲ್ಬೆಯು ತೋರಿಸಿದನು. ಅವನ ಶಿಷ್ಯನಾದ ಹೈಡನ್ ಎಂಬುವನು ೧೮೭೪ರಲ್ಲಿ ಡ್ರೆಸ್ಡೆನ್ನಿನಲ್ಲಿ ಕಾರ್ಖಾನೆಯನ್ನು ಸ್ಥಾಪಿಸಿದನು. ೧೮೭೬ರಲ್ಲಿ ಸ್ಕಾಟ್ಲೆಂಡಿನ ಡಂಡೀ ನಗರದ ವೈದ್ಯ ಮ್ಯಾಕ್‌ಲಗನ್ನನು ತೀವ್ರವಾದ ಸಂಧಿವಾತಜ್ವರದಲ್ಲಿ ಸ್ಯಾಲಿಸಿನ್ನನ್ನು ಕೊಟ್ಟು, ತಾಪವೂ ಕೀಲುಗಳ ಊತವೂ ಇಳಿದುದನ್ನು ಪ್ರಕಟಿಸಿದನು. ಅದೇ ವರ್ಷ ಬರ್ಲಿನ್ನಿನ ವೈದ್ಯರು ಸ್ಯಾಲಿಸಿಲಿಕ್ ಆಮ್ಲದಿಂದ ಅದೇ ಫಲವನ್ನು ಕಂಡರು. ಹೀಗೆ ಉರಿಯೂತವನ್ನು ತಗ್ಗಿಸುವ ಗುಣವು ಸ್ಥಾಪಿತವಾಯಿತು. ಆದರೆ ಈ ಆಮ್ಲವನ್ನೂ ಅದರ ಸೋಡಿಯಂ ಲವಣವನ್ನೂ ದಿನಕ್ಕೆ ಹಲವು ಗ್ರಾಂ ಪ್ರಮಾಣದಲ್ಲಿ ಕೊಡಬೇಕಾಗಿದ್ದುದರಿಂದ ಹೊಟ್ಟೆಯುರಿ, ವಾಂತಿ, ಕಿವಿಯಲ್ಲಿ ಮೊರೆತ ಮೊದಲಾದ ಬಾಧೆಗಳು ರೋಗಿಯನ್ನು ಪೀಡಿಸುತ್ತಿದ್ದವು.

ಈ ಆಮ್ಲಕ್ಕೆ ಅಸಿಟೈಲ್ ಎಂಬ ಚಿಕ್ಕ ಪರಮಾಣುಗುಂಪೊಂದನ್ನು ಕೂಡಿಸಿದರೆ ಅಸಿಟೈಲ್ ಸ್ಯಾಲಿಸಿಲಿಕ್ ಆಮ್ಲವಾಗುತ್ತದೆ, ಇದೇ ಆಸ್ಪಿರಿನ್. ಈ ಕೂಡಿಕೆಯನ್ನು ಮೊದಲು ಮಾಡಿದವನು ೧೮೫೩ರಲ್ಲಿ ಫ್ರಾನ್ಸಿನ ಶಾರ್ಲ್ ಗೆರ್ಹಾರ್ಟ್. ಅವನಿಗೆ ದೊರೆತುದು ಶುದ್ಧವಾದ ವಸ್ತುವಲ್ಲ; ಅದನ್ನು ಔಷಧವಾಗಿ ಬಳಸುವ ಉದ್ದೇಶವೂ ಅವನಿಗಿರಲಿಲ್ಲ. ೧೮೫೯ರಲ್ಲಿ ಗಿಲ್ಮ್ ಎಂಬುವನೂ ೧೮೬೯ರಲ್ಲಿ ಕ್ರೌಟ್ ಮತ್ತು ಅವನ ಸಂಗಡಿಗರೂ ಇದನ್ನು ಮತ್ತೆ ಮಾಡಿದರು. ಆದುದರಿಂದ ವಸ್ತುವಿನ ಪ್ರಥಮ ಕರ್ತೃತ್ವದ ವಿಷಯದಲ್ಲಿ ವಿವಾದವಿಲ್ಲ. ಮುಂದಿನ ವಿವಾದವೆಲ್ಲವೂ ಅದು ಔಷಧವಾದ ಬಗೆಗೆ ಸಂಬಂಧಿಸಿದುದು.

೪. ಎಲ್ಬರ್‌ಫೆಲ್ಡಿನಲ್ಲಿ ನಡೆದುದು

ಜರ್ಮನಿಯ ಎಲ್ಬರ್‌ಫೆಲ್ಡ್ ಎಂಬಲ್ಲಿ ಬಣ್ಣಗಳನ್ನು ತಯಾರಿಸುತ್ತಿದ್ದ ಬಾಯರ್ ಸಂಸ್ಥೆಯು ೧೮೯೦ರ ಸುಮಾರಿಗೆ ಔಷಧಗಳ ಕಡೆಗೂ ಗಮನವನ್ನು ಹರಿಸಿತು. ನಮ್ಮ ವಿಚಾರಕ್ಕೆ ಬೇಕಾದವರು ಅಲ್ಲಿದ್ದ ಮೂವರು. ಫೆಲಿಕ್ಸ್ ಹೋಫ್‌ಮನ್, ೧೮೬೮ರಲ್ಲಿ ಹುಟ್ಟಿದವನು. ೧೮೯೪ರಲ್ಲಿ ಸಂಸ್ಥೆಗೆ ಸೇರಿದ ರಸಾಯನಜ್ಞ. ಆರ್ಥರ್ ಐಖೆನ್‌ಗ್ರ್ಯೂನ್, ೧೮೬೭ರಲ್ಲಿ ಆಖೆನ್ ನಗರದ ಯಹೂದಿ ಮನೆತನದಲ್ಲಿ ಹುಟ್ಟಿ ೧೮೯೬ರಲ್ಲಿ ಸೇರಿದ ರಸಾಯನಜ್ಞ. ಹೈನ್ರಿಖ್ ಡ್ರೇಸರ್, ಹೊಸ ವಸ್ತುಗಳ ಗುಣದೋಷಗಳನ್ನು ಪರೀಕ್ಷಿಸುವ ವಿಭಾಗದ ಮುಖ್ಯಸ್ಥ.

ಸಮಕಾಲೀನವಾದ ಮೊದಲನೆಯ ಆಧಾರವು ಹೋಫ್‌ಮನ್ನನ ಪ್ರಯೋಗಶಾಲೆಯ ದಿನಚರಿ. ೧೮೯೭ನೆಯ ಆಗಸ್ಟ್ ೧೦ರಂದು ಶುದ್ಧವಾದ ಅಸಿಟೈಲ್ ಸ್ಯಾಲಿಸಿಲಿಕ್ ಆಮ್ಲವನ್ನು ಪಡೆದುದನ್ನು ಅವನು ಅದರಲ್ಲಿ ಬರೆದಿರುವನು. ಎರಡನೆಯದು ಡ್ರೇಸರನು ೧೮೯೯ರಲ್ಲಿ ಪ್ರಕಟಿಸಿದ ಲೇಖನ. ಆಸ್ಪಿರಿನ್ನಿನ ಗುಣಗಳನ್ನು ಲೋಕಕ್ಕೆ ತಿಳಿಸಿದ ಆ ಲೇಖನದಲ್ಲಿ ಹೋಫ್‌ಮನ್ನನ ಹೆಸರೂ ಇಲ್ಲ, ಐಖೆನ್‌ಗ್ರ್ಯೂನನ ಹೆಸರೂ ಇಲ್ಲ. ಮೂರನೆಯದು ಅಮೆರಿಕದಲ್ಲಿ ೧೯೦೦ನೆಯ ಫೆಬ್ರವರಿ ೨೭ರಂದು ದೊರೆತ ಪೇಟೆಂಟು. ಅದರಲ್ಲಿ ಹೋಫ್‌ಮನ್ನನ ಹೆಸರಿದೆ. ವಸ್ತುವು ಮೊದಲೇ ತಿಳಿದಿದ್ದುದರಿಂದ ಜರ್ಮನಿಯಲ್ಲಿ ಪೇಟೆಂಟು ದೊರೆಯಲಿಲ್ಲ. ಇಂಗ್ಲೆಂಡಿನಲ್ಲಿ ದೊರೆತುದನ್ನು ಅಲ್ಲಿಯ ನ್ಯಾಯಾಲಯವು ೧೯೦೫ರಲ್ಲಿ ಅಸಿಂಧುವೆಂದು ತೀರ್ಮಾನಿಸಿತು.

೫. ಹೆಸರಿನ ಚರಿತ್ರೆ

ಸಂಸ್ಥೆಯು ೧೮೯೯ನೆಯ ಮಾರ್ಚ್ ೬ರಂದು ಆಸ್ಪಿರಿನ್ ಎಂಬ ಹೆಸರನ್ನು ಬರ್ಲಿನ್ನಿನಲ್ಲಿ ವ್ಯಾಪಾರಮುದ್ರೆಯಾಗಿ ನೋಂದಾಯಿಸಿತು. ಪದದ ವಿಗ್ರಹವು ಸುಲಭವಾದುದು: ಅಸಿಟೈಲ್ ಎಂಬುದರ ಮೊದಲಕ್ಷರ, ಸ್ಪೈರಾಮ್ಲದ ಸ್ಪಿರ್, ಔಷಧಗಳ ಹೆಸರಿನ ಕೊನೆಗೆ ಅಂದು ಹಚ್ಚುತ್ತಿದ್ದ ಇನ್ ಎಂಬ ಪ್ರತ್ಯಯ. ವಸ್ತುವಿನ ಮೇಲಣ ಹಕ್ಕು ದುರ್ಬಲವಾಗಿದ್ದುದರಿಂದ ಹೆಸರಿನ ಮೇಲಣ ಹಕ್ಕೇ ಸಂಸ್ಥೆಗೆ ಮುಖ್ಯವಾಯಿತು.

ಮೊದಲನೆಯ ಮಹಾಯುದ್ಧದಲ್ಲಿ ಬಾಯರ್ ಸಂಸ್ಥೆಯ ಅಮೆರಿಕದ ಆಸ್ತಿಯನ್ನು ಅಲ್ಲಿಯ ಸರ್ಕಾರವು ವಶಪಡಿಸಿಕೊಂಡು ೧೯೧೮ನೆಯ ಡಿಸೆಂಬರಿನಲ್ಲಿ ಹರಾಜು ಹಾಕಿತು. ಬಳಿಕ ೧೯೨೧ರಲ್ಲಿ ನ್ಯಾಯಾಧೀಶ ಲರ್ನೆಡ್ ಹ್ಯಾಂಡನು ಒಂದು ವ್ಯಾಜ್ಯದಲ್ಲಿ ಕೊಟ್ಟ ತೀರ್ಪು ಭಾಷಾಶಾಸ್ತ್ರದಲ್ಲಿ ಆಸಕ್ತಿಯುಳ್ಳವರು ಗಮನಿಸತಕ್ಕುದು. ಕೊಳ್ಳುವ ಜನರು ಈ ಪದವನ್ನು ಯಾವ ಅರ್ಥದಲ್ಲಿ ತಿಳಿಯುತ್ತಾರೆ ಎಂಬುದೇ ಅವನ ಮುಂದಿದ್ದ ಪ್ರಶ್ನೆ. ವ್ಯಾಪಾರಿಗಳಿಗೂ ವೈದ್ಯರಿಗೂ ಅದು ಒಂದು ಸಂಸ್ಥೆಯ ಮುದ್ರೆಯಾಗಿ ಉಳಿದಿದ್ದರೂ, ಸಾಮಾನ್ಯ ಜನರ ಬಾಯಲ್ಲಿ ಅದು ಔಷಧದ ಹೆಸರೇ ಆಗಿಹೋಗಿದೆಯೆಂದು ಅವನು ನಿರ್ಣಯಿಸಿದನು. ಅಂಕಿತನಾಮವು ರೂಢನಾಮವಾಗುವ ಕ್ರಿಯೆಗೆ ನ್ಯಾಯಾಲಯವೇ ಪ್ರಮಾಣವನ್ನಿತ್ತ ಅಪೂರ್ವ ನಿದರ್ಶನವಿದು. ಜರ್ಮನಿ, ಕೆನಡ ಮೊದಲಾದ ದೇಶಗಳಲ್ಲಿ ಇಂದಿಗೂ ಆ ಹೆಸರು ಬಾಯರ್ ಸಂಸ್ಥೆಯ ಸೊತ್ತಾಗಿಯೇ ಇದೆ.

೬. ಎರಡು ಹೇಳಿಕೆಗಳು

ಔಷಧವನ್ನು ಯೋಚಿಸಿದವರು ಯಾರೆಂಬ ವಿಷಯದಲ್ಲಿ ಎರಡು ಹೇಳಿಕೆಗಳು ಉಪಲಬ್ಧವಾಗಿವೆ.

ಮೊದಲನೆಯದು ೧೯೩೪ರಲ್ಲಿ ಜರ್ಮನಿಯಲ್ಲಿ ಪ್ರಕಟವಾದ ರಾಸಾಯನಿಕ ಕೈಗಾರಿಕೆಯ ಚರಿತ್ರೆಯೊಂದರ ಅಡಿಟಿಪ್ಪಣಿ. ಹೋಫ್‌ಮನ್ನನ ತಂದೆಯು ಸಂಧಿವಾತದಿಂದ ಬಳಲುತ್ತಿದ್ದನು; ಸೋಡಿಯಂ ಸ್ಯಾಲಿಸಿಲೇಟನ್ನು ಅವನ ಹೊಟ್ಟೆಯು ತಾಳುತ್ತಿರಲಿಲ್ಲ; ತಂದೆಯ ಬಾಧೆಯನ್ನು ನೀಗಿಸಲು ಮಗನು ಹೊಸ ರೂಪವನ್ನು ಹುಡುಕಿ ಆಸ್ಪಿರಿನ್ನನ್ನು ಕಂಡನು, ಎಂಬುದು ಅದರ ಸಾರಾಂಶ. ಪಿತೃಭಕ್ತಿಯ ಈ ಕಥೆಯು ಮನಸ್ಸಿಗೆ ಹಿತವಾಗಿರುವುದರಿಂದ ಪಠ್ಯಪುಸ್ತಕಗಳಲ್ಲಿ ಬೇಗನೆ ಹರಡಿತು.

ಎರಡನೆಯದು ಐಖೆನ್‌ಗ್ರ್ಯೂನನ ಹೇಳಿಕೆ. ಇವನು ೧೯೦೮ರಲ್ಲಿ ಬಾಯರ್ ಸಂಸ್ಥೆಯನ್ನು ಬಿಟ್ಟು, ಬರ್ಲಿನ್ನಿನಲ್ಲಿ ಸ್ವಂತ ಕಾರ್ಖಾನೆಯನ್ನು ಸ್ಥಾಪಿಸಿ, ಸುಲಭವಾಗಿ ಬೆಂಕಿ ಹತ್ತದ ಸೆಲ್ಯುಲೋಸ್ ಅಸಿಟೇಟ್ ಪದಾರ್ಥಗಳಿಂದ ಹೆಸರುಗಳಿಸಿದನು. ೧೯೩೩ರಲ್ಲಿ ನಾತ್ಸಿ ಪಕ್ಷವು ಅಧಿಕಾರಕ್ಕೆ ಬಂದಿತು; ೧೯೩೮ರ ವೇಳೆಗೆ ಅವನ ಕಾರ್ಖಾನೆಯು ಕೈತಪ್ಪಿಹೋಯಿತು. ಯಹೂದಿ ಪುರುಷರು ತಮ್ಮ ಹೆಸರಿನೊಡನೆ ಇಸ್ರಾಯೇಲ್ ಎಂಬ ಪದವನ್ನು ಕಡ್ಡಾಯವಾಗಿ ಸೇರಿಸಬೇಕೆಂದು ಅಂದಿನ ಕಾನೂನು ವಿಧಿಸಿದ್ದಿತು. ಅಧಿಕಾರಿಯೊಬ್ಬನಿಗೆ ಬರೆದ ಪತ್ರದಲ್ಲಿ ಆ ಪದವನ್ನು ಬಿಟ್ಟನೆಂಬ ಅಪರಾಧಕ್ಕಾಗಿ ೧೯೪೩ರಲ್ಲಿ ಅವನಿಗೆ ನಾಲ್ಕು ತಿಂಗಳ ಸೆರೆಯಾಯಿತು. ೧೯೪೪ರಲ್ಲಿ, ೭೬ ವರ್ಷದ ವೃದ್ಧನಾಗಿದ್ದಾಗ, ಅವನನ್ನು ತೆರೇಸಿಯೆನ್‌ಸ್ಟಾಟ್ ಎಂಬ ಬಂದಿಶಿಬಿರಕ್ಕೆ ಕಳುಹಿಸಿದರು. ಯುದ್ಧವು ಮುಗಿಯುವವರೆಗೂ ಅವನು ಅಲ್ಲಿಯೇ ಇದ್ದನು. ಅಲ್ಲಿಂದ ಅವನು, ಬಾಯರ್ ಸಂಸ್ಥೆಯು ಆಗ ಸೇರಿಹೋಗಿದ್ದ ಐ. ಜಿ. ಫಾರ್ಬೆನ್ ಎಂಬ ಮಹಾಸಂಸ್ಥೆಗೆ ಬರೆದ ಪತ್ರದಲ್ಲಿ ತಾನು ಮಾಡಿದ ಕೆಲಸಗಳನ್ನು ಎಣಿಸುತ್ತ ಆಸ್ಪಿರಿನ್ನನ್ನೂ ಹೇಳಿರುವನು.

ಈ ವಿಷಯವನ್ನು ಅವನು ವಿಸ್ತಾರವಾಗಿ ಪ್ರಕಟಿಸಿದುದು ೧೯೪೯ನೆಯ ಡಿಸೆಂಬರಿನಲ್ಲಿ, ಆಸ್ಪಿರಿನ್ನಿನ ಐವತ್ತನೆಯ ವರ್ಷದ ಸಂದರ್ಭದಲ್ಲಿ. ಹೊಟ್ಟೆಗೆ ಬಾಧಕವಾಗದ ಸ್ಯಾಲಿಸಿಲೇಟನ್ನು ಹುಡುಕುವ ಯೋಚನೆ ತನ್ನದೆಂದೂ, ಹೋಫ್‌ಮನ್ನನು ಉದ್ದೇಶವನ್ನು ತಿಳಿಯದೆ ತನ್ನ ಸೂಚನೆಯಂತೆ ವಸ್ತುವನ್ನು ಮಾಡಿಕೊಟ್ಟನೆಂದೂ, ಅದು ಹೃದಯಕ್ಕೆ ಅಪಾಯಕರವೆಂದು ಡ್ರೇಸರನು ತಳ್ಳಿಹಾಕಿದನೆಂದೂ ಅವನು ಹೇಳುತ್ತಾನೆ. ಆಗ ತಾನೇ ಅದನ್ನು ಸೇವಿಸಿ ನೋಡಿ, ಬರ್ಲಿನ್ನಿನಲ್ಲಿ ಸಂಸ್ಥೆಯ ಪ್ರತಿನಿಧಿಯಾಗಿದ್ದ ಗೋಲ್ಡ್‌ಮನ್ ಎಂಬುವನ ಮೂಲಕ ವೈದ್ಯರಿಗೆ ಗುಟ್ಟಾಗಿ ಕೊಡಿಸಿದನಂತೆ. ಅವರ ವರದಿಗಳು ಅನುಕೂಲವಾಗಿ ಬಂದುದರಿಂದ ಪರೀಕ್ಷೆಯು ಮತ್ತೆ ನಡೆದು ಔಷಧವು ಹೊರಬಂದಿತಂತೆ. ೧೯೪೧ರಲ್ಲಿ ಮ್ಯೂನಿಕ್ಕಿನ ವಸ್ತುಸಂಗ್ರಹಾಲಯದ ಗೌರವಮಂದಿರದಲ್ಲಿ ಆಸ್ಪಿರಿನ್ನಿನ ಬಿಳಿಯ ಹರಳುಗಳ ಮುಂದೆ ಡ್ರೇಸರ್ ಮತ್ತು ಹೋಫ್‌ಮನ್ನರ ಹೆಸರುಗಳಿದ್ದುದನ್ನೂ, ಆರ್ಯರಲ್ಲದವರಿಗೆ ಪ್ರವೇಶವಿಲ್ಲವೆಂಬ ಫಲಕವು ಬಾಗಿಲಲ್ಲಿದ್ದುದನ್ನೂ ಅವನು ಅದೇ ಲೇಖನದಲ್ಲಿ ದಾಖಲಿಸಿರುವನು. ಲೇಖನವು ಪ್ರಕಟವಾದ ತಿಂಗಳಿನಲ್ಲಿಯೇ ಅವನು ತೀರಿಕೊಂಡನು. ಹೋಫ್‌ಮನ್ನನು ೧೯೪೬ರಲ್ಲಿಯೇ ಮೃತನಾಗಿದ್ದುದರಿಂದ ಉತ್ತರಕೊಡುವವರು ಯಾರೂ ಇರಲಿಲ್ಲ.

೭. ಹೇಳಿಕೆಗಳ ವಿಮರ್ಶೆ

ಸ್ಕಾಟ್ಲೆಂಡಿನ ಸ್ಟ್ರಾತ್‌ಕ್ಲೈಡ್ ವಿಶ್ವವಿದ್ಯಾನಿಲಯದ ವಾಲ್ಟರ್ ಸ್ನೀಡರ್ ಎಂಬ ವಿದ್ವಾಂಸರು ೨೦೦೦ದಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪತ್ರಿಕೆಯಲ್ಲಿ ಈ ಆಧಾರಗಳನ್ನು ಪುನಃ ಪರಿಶೀಲಿಸಿ, ಐಖೆನ್‌ಗ್ರ್ಯೂನನ ಮಾತು ನಂಬತಕ್ಕುದೆಂದು ವಾದಿಸಿದರು. ಬಾಯರ್ ಸಂಸ್ಥೆಯು ಇದನ್ನು ಒಪ್ಪಲಿಲ್ಲ. ಇಬ್ಬರೂ ಸಮಾನಪದವಿಯವರಾಗಿದ್ದು ಒಬ್ಬನು ಮತ್ತೊಬ್ಬನ ಕೈಕೆಳಗೆ ಇರಲಿಲ್ಲವೆಂದೂ, ಅಮೆರಿಕದ ಪೇಟೆಂಟಿನಲ್ಲಿ ಹೋಫ್‌ಮನ್ನನ ಹೆಸರಿದೆಯೆಂದೂ, ಐಖೆನ್‌ಗ್ರ್ಯೂನನು ಅಷ್ಟು ವರ್ಷ ಸುಮ್ಮನಿದ್ದುದೇಕೆಂದೂ ಅದರ ಪ್ರತಿವಾದ.

ಈ ವಾದಗಳನ್ನು ಒಂದೊಂದಾಗಿ ನೋಡೋಣ. ದಿನಚರಿಯಿಂದ ವಸ್ತುವನ್ನು ಮಾಡಿದ ಕೈ ಹೋಫ್‌ಮನ್ನನದೆಂಬುದು ನಿಸ್ಸಂದೇಹವಾಗಿ ಸಿದ್ಧವಾಗುತ್ತದೆ. ಪೇಟೆಂಟೂ ಇದನ್ನು ಸಮರ್ಥಿಸುತ್ತದೆ. ಆದರೆ ಯಾರ ಸೂಚನೆಯಂತೆ ಮಾಡಿದನೆಂಬುದು ಪೇಟೆಂಟಿನಿಂದ ತಿಳಿಯುವುದಿಲ್ಲ. ಓಲೆಯ ಕೊನೆಯಲ್ಲಿ ಬರೆದವನ ಹೆಸರಿದ್ದ ಮಾತ್ರಕ್ಕೆ ಕಾವ್ಯವು ಅವನದೆಂದು ಹೇಳಲಾಗದು, ಅವನದಲ್ಲವೆಂದೂ ಹೇಳಲಾಗದು.

ಅಡಿಟಿಪ್ಪಣಿಯು ಸಂಗತಿ ನಡೆದು ೩೭ ವರ್ಷಗಳ ಮೇಲೆ ಹುಟ್ಟಿದುದು. ಅಲ್ಲದೆ ಅದು ಹುಟ್ಟಿದ ಕಾಲವು ಯಹೂದಿಯೊಬ್ಬನ ಹೆಸರನ್ನು ಜರ್ಮನ್ ಕೈಗಾರಿಕೆಯ ಕೀರ್ತಿಯೊಡನೆ ಸೇರಿಸಿ ಹೇಳುವುದು ಸುಲಭವಾಗಿರದ ಕಾಲ. ಇನ್ನೊಂದು ಸಂಗತಿಯೂ ವಿಚಾರಣೀಯವಾಗಿದೆ. ಆಸ್ಪಿರಿನ್ನನ್ನು ಮಾಡಿದ ೧೧ ದಿನಗಳ ಬಳಿಕ, ೧೮೯೭ನೆಯ ಆಗಸ್ಟ್ ೨೧ರಂದು, ಅದೇ ಹೋಫ್‌ಮನ್ನನು ಅದೇ ಅಸಿಟೈಲ್ ಗುಂಪನ್ನು ಮಾರ್ಫೀನಿಗೆ ಕೂಡಿಸಿದನು. ಬಾಯರ್ ಸಂಸ್ಥೆಯು ಅದನ್ನು ಹೆರಾಯಿನ್ ಎಂಬ ಹೆಸರಿನಿಂದ ಕೆಮ್ಮಿನ ಔಷಧವಾಗಿ ಮಾರಿತು. ತಿಳಿದಿದ್ದ ಔಷಧಗಳಿಗೆ ಈ ಗುಂಪನ್ನು ಕೂಡಿಸಿ ನೋಡುವ ಕೆಲಸವು ಆ ಪ್ರಯೋಗಶಾಲೆಯಲ್ಲಿ ಕ್ರಮವಾಗಿ ನಡೆಯುತ್ತಿದ್ದಿತೆಂದು ಇದರಿಂದ ಊಹಿಸಬಹುದು. ತಂದೆಯ ಕೀಲುನೋವಿನ ಕಥೆಯು ನಿಜವಾಗಿದ್ದರೂ ಇರಬಹುದು. ಆದರೆ ಈ ಕೆಲಸಕ್ಕೆ ಅದೊಂದೇ ಕಾರಣವೆಂದು ಹೇಳುವ ಅವಶ್ಯಕತೆಯಿಲ್ಲ.

ಐಖೆನ್‌ಗ್ರ್ಯೂನನ ಲೇಖನವೂ ೫೨ ವರ್ಷಗಳ ಮೇಲಿನದು. ಸ್ವಪಕ್ಷದ ಸಾಕ್ಷ್ಯವೂ ಹೌದು. ಆದುದರಿಂದ ಅದರ ಪ್ರತಿಯೊಂದು ವಿವರವನ್ನೂ ಒಪ್ಪಬೇಕಾಗಿಲ್ಲ. ಹೋಫ್‌ಮನ್ನನಿಗೆ ಉದ್ದೇಶವೇ ತಿಳಿದಿರಲಿಲ್ಲವೆಂಬ ಮಾತು ಉತ್ಪ್ರೇಕ್ಷೆಯಾಗಿ ತೋರುತ್ತದೆ. ಆದರೆ ಮೌನದಿಂದ ಹೊರಡಿಸುವ ಅನುಮಾನವನ್ನು ಅವನ ಮೇಲೆ ಬಳಸುವಾಗ ಎಚ್ಚರವಿರಬೇಕು. ೧೯೩೪ಕ್ಕೆ ಮೊದಲು ಅಡಿಟಿಪ್ಪಣಿಯ ಕಥೆಯೇ ಇಲ್ಲದಿದ್ದುದರಿಂದ ಅಲ್ಲಗಳೆಯಬೇಕಾದ ಹೇಳಿಕೆಯೂ ಇರಲಿಲ್ಲ. ೧೯೩೪ರಿಂದ ೧೯೪೫ರವರೆಗೆ ಮಾತನಾಡುವ ಸ್ವಾತಂತ್ರ್ಯ ಅವನಿಗಿರಲಿಲ್ಲ. ಹೆಸರಿನಲ್ಲಿ ಒಂದು ಪದವನ್ನು ಬಿಟ್ಟುದಕ್ಕಾಗಿ ಸೆರೆಮನೆಗೆ ಹೋದವನು ಮ್ಯೂನಿಕ್ಕಿನ ಫಲಕವನ್ನು ಪ್ರತಿಭಟಿಸಬೇಕಾಗಿದ್ದಿತೆಂದು ಯಾರೂ ಹೇಳಲಾರರು. ಬಾಯಿಮುಚ್ಚಿಸಲ್ಪಟ್ಟವನ ಮೌನವನ್ನು ಸಮ್ಮತಿಯೆಂದು ಎಣಿಸುವುದು ಸಾಕ್ಷ್ಯವಿಚಾರದ ನಿಯಮಕ್ಕೆ ವಿರುದ್ಧವಾದುದು.

ಹೀಗಿರುವುದರಿಂದ ನನ್ನ ನಿರ್ಣಯ ಇಷ್ಟು: ಶುದ್ಧವಾದ ವಸ್ತುವನ್ನು ಮಾಡಿದ ಗೌರವವು ಹೋಫ್‌ಮನ್ನನದು. ಅದನ್ನು ಔಷಧವೆಂದು ನಂಬಿ, ಅಡ್ಡಿಗಳನ್ನು ದಾಟಿಸಿ ವೈದ್ಯರ ಕೈಗೆ ಮುಟ್ಟಿಸುವುದರಲ್ಲಿ ಐಖೆನ್‌ಗ್ರ್ಯೂನನ ಪಾತ್ರವು ಮುಖ್ಯವಾಗಿದ್ದಿತೆಂಬುದು ಸಂಭವನೀಯ. ಅವನ ಹೆಸರನ್ನು ಬಿಟ್ಟು ಈ ಚರಿತ್ರೆಯನ್ನು ಬರೆಯುವುದಕ್ಕೆ ಆಧಾರವಿಲ್ಲ.

೮. ಔಷಧದ ಕ್ರಿಯೆ

ಇನ್ನು ಈ ಔಷಧವು ಶರೀರದಲ್ಲಿ ನಡಸುವ ಕ್ರಿಯೆಯನ್ನು ನೋಡೋಣ. ಅಸಿಟೈಲ್ ಗುಂಪು ಆಮ್ಲದ ಮೇಲೆ ಹೊದಿಸಿದ ಮುಸುಕಿನಂತಿದ್ದು, ರಕ್ತವನ್ನು ಸೇರಿದ ಮೇಲೆ ಅದು ಕಳಚಿಹೋಗಿ ಸ್ಯಾಲಿಸಿಲಿಕ್ ಆಮ್ಲವೇ ಕೆಲಸಮಾಡುತ್ತದೆಂದು ಡ್ರೇಸರನು ತಿಳಿದಿದ್ದನು. ಇದರಲ್ಲಿ ಅರ್ಧ ಸತ್ಯವಿದೆ. ಆಸ್ಪಿರಿನ್ನು ರಕ್ತದಲ್ಲಿ ೧೫ರಿಂದ ೨೦ ಮಿನಿಟುಗಳಲ್ಲಿ ಅರ್ಧದಷ್ಟು ಒಡೆದುಹೋಗುತ್ತದೆ. ಉಳಿಯುವ ಸ್ಯಾಲಿಸಿಲೇಟು ಅಲ್ಪಪ್ರಮಾಣದಲ್ಲಿದ್ದರೆ ಎರಡು ಮೂರು ಗಂಟೆಗಳಲ್ಲಿ ಅರ್ಧಕ್ಕಿಳಿಯುತ್ತದೆ. ಪ್ರಮಾಣವು ಹೆಚ್ಚಾದಷ್ಟೂ ಅದನ್ನು ಹೊರಹಾಕುವ ಶಕ್ತಿಯು ಯಕೃತ್ತಿಗೆ ಸಾಲದೆ ಅದು ಬಹಳ ಹೊತ್ತು ನಿಲ್ಲುತ್ತದೆ; ಅತಿಸೇವನೆಯಿಂದ ವಿಷವಾಗುವುದಕ್ಕೆ ಇದೇ ಕಾರಣ.

ನಿಜವಾದ ರಹಸ್ಯವು ಬೇರೆ ದಾರಿಯಿಂದ ಹೊರಬಿದ್ದಿತು. ಸ್ವೀಡನ್ನಿನ ಉಲ್ಫ್ ಫಾನ್ ಆಯ್ಲರ್ ಎಂಬ ವಿದ್ವಾಂಸರು ೧೯೩೫ರಲ್ಲಿ ವೀರ್ಯದ್ರವದಲ್ಲಿ ಕಂಡ ಒಂದು ವಸ್ತುವನ್ನು, ಅದು ಪ್ರಾಸ್ಟೇಟ್ ಗ್ರಂಥಿಯಿಂದ ಬರುವುದೆಂದು ತಿಳಿದು, ಪ್ರೋಸ್ಟಗ್ಲಾಂಡಿನ್ ಎಂದು ಕರೆದರು. ಈ ಬಗೆಯ ವಸ್ತುಗಳು ಶರೀರದ ಬಹುಭಾಗಗಳಲ್ಲಿ ಹುಟ್ಟುತ್ತವೆಂದು ಬಳಿಕ ತಿಳಿಯಿತು. ಹೆಸರು ಮಾತ್ರ ಹಾಗೆಯೇ ಉಳಿಯಿತು. ೧೯೬೯ರಲ್ಲಿ ಲಂಡನ್ನಿನ ಪ್ರಿಸ್ಸಿಲ್ಲಾ ಪೈಪರ್ ಮತ್ತು ಜಾನ್ ವೇನ್ ಎಂಬವರು ಗಿನಿಯಿಲಿಯ ಶ್ವಾಸಕೋಶದಿಂದ ಹೊರಬೀಳುವ ಒಂದು ದ್ರವ್ಯವನ್ನು ಆಸ್ಪಿರಿನ್ನು ತಡೆಯುವುದನ್ನು ಕಂಡರು. ೧೯೭೧ನೆಯ ಜೂನ್ ತಿಂಗಳಿನಲ್ಲಿ ವೇನ್ ಅವರು, ಪ್ರೋಸ್ಟಗ್ಲಾಂಡಿನ್ನುಗಳ ಉತ್ಪತ್ತಿಯನ್ನೇ ಆಸ್ಪಿರಿನ್ನು ನಿಲ್ಲಿಸುತ್ತದೆಂದು ಪ್ರಕಟಿಸಿದರು. ಇದೇ ಬಗೆಯ ಇಂಡೊಮೆಥಸಿನ್ ಎಂಬ ಔಷಧವು ಆಸ್ಪಿರಿನ್ನಿಗಿಂತ ಹೆಚ್ಚಾಗಿಯೂ, ಬರಿಯ ಸ್ಯಾಲಿಸಿಲೇಟು ಕಡಿಮೆಯಾಗಿಯೂ ಈ ಕೆಲಸವನ್ನು ಮಾಡುತ್ತಿದ್ದವು. ೧೯೮೨ರಲ್ಲಿ ವೇನ್ ಅವರಿಗೆ ಸ್ವೀಡನ್ನಿನ ಬರ್ಗ್‌ಸ್ಟ್ರೋಮ್, ಸ್ಯಾಮುಯೆಲ್ಸನ್ ಅವರೊಡನೆ ನೊಬೆಲ್ ಪಾರಿತೋಷಕವು ದೊರೆಯಿತು.

ಕ್ರಿಯೆಯ ಸ್ವರೂಪವು ಹೀಗಿದೆ. ಜೀವಕೋಶಕ್ಕ��� ಪೆಟ್ಟಾದಾಗ ಅದರ ಪೊರೆಯಿಂದ ಅರಾಕಿಡೋನಿಕ್ ಆಮ್ಲವೆಂಬ ಕೊಬ್ಬಿನ ಅಂಶವು ಬಿಡುಗಡೆಯಾಗುತ್ತದೆ. ಸೈಕ್ಲೊಆಕ್ಸಿಜನೇಸ್ ಎಂಬ ಕಿಣ್ವವು ಅದನ್ನು ಪ್ರೋಸ್ಟಗ್ಲಾಂಡಿನ್ನುಗಳ ಮೂಲದ್ರವ್ಯವನ್ನಾಗಿ ಮಾರ್ಪಡಿಸುತ್ತದೆ. ಇವು ರಕ್ತನಾಳಗಳನ್ನು ಹಿಗ್ಗಿಸುತ್ತವೆ. ನರತುದಿಗಳಿಗೆ ನೋವಿನ ಸೂಕ್ಷ್ಮತೆಯನ್ನು ಹೆಚ್ಚಿಸುತ್ತವೆ. ಮಿದುಳಿನಲ್ಲಿ ತಾಪದ ಮಟ್ಟವನ್ನು ಏರಿಸುತ್ತವೆ. ರೋಮಿನ ಸೆಲ್ಸಸನು ಕ್ರಿ. ಶ. ಒಂದನೆಯ ಶತಮಾನದಲ್ಲಿ ಉರಿಯೂತದ ಲಕ್ಷಣಗಳೆಂದು ಹೇಳಿದ ಕೆಂಪು, ಊತ, ಬಿಸಿ, ನೋವುಗಳಲ್ಲಿ ಇವುಗಳ ಪಾತ್ರವು ದೊಡ್ಡದು. ಕಿಣ್ವವನ್ನು ತಡೆದರೆ ಈ ಲಕ್ಷಣಗಳು ಇಳಿಯುವುದು ಸಹಜ. ಆದರೆ ಇದೇ ಪ್ರೋಸ್ಟಗ್ಲಾಂಡಿನ್ನುಗಳು ಜಠರದ ಒಳಪೊರೆಯನ್ನು ಆಮ್ಲದಿಂದ ಕಾಪಾಡುವ ಕೆಲಸವನ್ನೂ ಮಾಡುತ್ತವೆ. ಆದುದರಿಂದ ಆಸ್ಪಿರಿನ್ನಿನಿಂದ ಹೊಟ್ಟೆಗೆ ಆಗುವ ಕೇಡು ಅದರ ಗುಣಕ್ಕೆ ಹೊರತಾದುದಲ್ಲ. ಗುಣದೋಷಗಳೆರಡೂ ಒಂದೇ ಮೂಲದಿಂದ ಹೊರಡುತ್ತವೆ. ಹೊಟ್ಟೆಗೆ ಹಿತವಾದ ರೂಪವೆಂದು ಹುಡುಕಿದ ಈ ಔಷಧವೇ ಜಠರದಲ್ಲಿ ರಕ್ತಸ್ರಾವದ ಗಾಯಗಳನ್ನು ಮಾಡುವುದನ್ನು ಲಂಡನ್ನಿನ ಇಬ್ಬರು ವೈದ್ಯರು ೧೯೩೮ರಲ್ಲಿಯೇ ಜಠರದರ್ಶಕ ಯಂತ್ರದಿಂದ ನೋಡಿದ್ದರು.

೧೯೭೫ರಲ್ಲಿ ಅಮೆರಿಕದ ರಾತ್, ಮೆಜೆರಸ್ ಮೊದಲಾದವರು ಮತ್ತೊಂದು ಹೆಜ್ಜೆ ಮುಂದುವರಿದರು. ಆಸ್ಪಿರಿನ್ನು ತನ್ನ ಅಸಿಟೈಲ್ ಗುಂಪನ್ನು ಕಿಣ್ವಕ್ಕೆ ಬಿಟ್ಟುಕೊಡುತ್ತದೆಂದು ಅವರು ತೋರಿಸಿದರು. ಆ ಗುಂಪು ಕಿಣ್ವದ ಒಳಗಿನ ಸೆರೀನ್ ಎಂಬ ಘಟಕಕ್ಕೆ ಅಂಟಿಕೊಂಡು, ಅರಾಕಿಡೋನಿಕ್ ಆಮ್ಲವು ಪ್ರವೇಶಿಸುವ ದಾರಿಯನ್ನು ಶಾಶ್ವತವಾಗಿ ಮುಚ್ಚುತ್ತದೆ. ೧೯೯೫ರಲ್ಲಿ ಕ್ಷಕಿರಣಗಳ ಸಹಾಯದಿಂದ ಈ ಚಿತ್ರವು ದೃಢಪಟ್ಟಿತು. ಡ್ರೇಸರನು ಮುಸುಕೆಂದು ತಿಳಿದಿದ್ದ ಭಾಗವೇ ಆಸ್ಪಿರಿನ್ನಿಗೆ ಅದರ ವಿಶೇಷಶಕ್ತಿಯನ್ನು ಕೊಟ್ಟ ಭಾಗವೆಂದು ಹೀಗೆ ಸಿದ್ಧವಾಯಿತು. ಎಲ್ಬರ್‌ಫೆಲ್ಡಿನ ವಿವಾದವು ಈ ಚಿಕ್ಕ ಗುಂಪನ್ನು ಕೂಡಿಸಿದವರು ಯಾರೆಂಬುದನ್ನೇ ಕುರಿತದ್ದೆಂಬುದನ್ನು ನೆನೆದರೆ ಅದರ ಮಹತ್ತ್ವವು ಇಮ್ಮಡಿಯಾಗುತ್ತದೆ.

೯. ರಕ್ತದ ಮೇಲಣ ಪರಿಣಾಮ

ಈ ಶಾಶ್ವತವಾದ ಮುಚ್ಚುವಿಕೆಯಿಂದ ಇನ್ನೊಂದು ಫಲವುಂಟು. ರಕ್ತವನ್ನು ಹೆಪ್ಪುಗಟ್ಟಿಸುವ ಪ್ಲೇಟ್ಲೆಟ್ ಕಣಗಳಲ್ಲಿ ಬೀಜಕೇಂದ್ರವಿಲ್ಲದುದರಿಂದ ಅವು ಹೊಸ ಕಿಣ್ವವನ್ನು ಮಾಡಿಕೊಳ್ಳಲಾರವು. ಒಮ್ಮೆ ಆಸ್ಪಿರಿನ್ನು ತಗುಲಿದ ಕಣವು ತನ್ನ ಆಯುಸ್ಸಿನ ಎಂಟು ಹತ್ತು ದಿನಗಳವರೆಗೂ ನಿಷ್ಕ್ರಿಯವಾಗಿರುತ್ತದೆ. ದಿನಕ್ಕೆ ೭೫ರಿಂದ ೧೦೦ ಮಿಲಿಗ್ರಾಂನಷ್ಟು ಅಲ್ಪಪ್ರಮಾಣವೂ ಇದಕ್ಕೆ ಸಾಕಾಗುತ್ತದೆ. ಕೀಲುಗಳ ಉರಿಯೂತಕ್ಕಾದರೋ ದಿನಕ್ಕೆ ಮೂರು ನಾಲ್ಕು ಗ್ರಾಂ ಬೇಕಾಗುತ್ತಿದ್ದಿತು.

ಈ ಗುಣವನ್ನು ಮೊದಲು ಊಹಿಸಿದವನು ಕ್ಯಾಲಿಫೋರ್ನಿಯದ ಗ್ಲೆಂಡೇಲ್ ಎಂಬ ಊರಿನ ಸಾಮಾನ್ಯ ವೈದ್ಯ ಲಾರೆನ್ಸ್ ಕ್ರೇವನ್. ಗಂಟಲಿನ ಶಸ್ತ್ರಚಿಕಿತ್ಸೆಯ ಬಳಿಕ ಆಸ್ಪಿರಿನ್ ಬೆರೆಸಿದ ಅಂಟನ್ನು ಹೆಚ್ಚಾಗಿ ಅಗಿದವರಿಗೆ ರಕ್ತಸ್ರಾವ ಹೆಚ್ಚಾಗುವುದನ್ನು ಕಂಡು, ರಕ್ತ ಹೆಪ್ಪುಗಟ್ಟುವುದರಿಂದ ಬರುವ ಹೃದಯಾಘಾತವನ್ನು ಇದು ತಡೆಯಬಹುದೆಂದು ಅವನು ೧೯೫೦ರಲ್ಲಿ ಬರೆದನು. ೧೯೫೬ರಲ್ಲಿ ಸುಮಾರು ೮,೦೦೦ ಜನರ ಅನುಭವವನ್ನು ಪ್ರಕಟಿಸಿದನು. ಹೋಲಿಕೆಗೆ ಬೇರೊಂದು ಗುಂಪನ್ನು ಇಟ್ಟುಕೊಳ್ಳದಿದ್ದುದರಿಂದ ವೈದ್ಯಲೋಕವು ಅದನ್ನು ಲಕ್ಷಿಸಲಿಲ್ಲ. ೧೯೮೮ರಲ್ಲಿ ಪ್ರಕಟವಾದ ಐಸಿಸ್-೨ ಎಂಬ ಪರೀಕ್ಷೆಯಲ್ಲಿ ಹೃದಯಾಘಾತವಾಗಿದೆಯೆಂದು ಶಂಕಿಸಲಾದ ೧೭,೧೮೭ ರೋಗಿಗಳಿದ್ದರು. ದಿನಕ್ಕೆ ೧೬೦ ಮಿಲಿಗ್ರಾಂ ಆಸ್ಪಿರಿನ್ನನ್ನು ಒಂದು ತಿಂಗಳು ಪಡೆದವರಲ್ಲಿ ಐದು ವಾರಗಳೊಳಗೆ ಹೃದಯ ಮತ್ತು ರಕ್ತನಾಳಗಳ ಕಾರಣದಿಂದಾದ ಮರಣವು ಶೇಕಡ ೧೧.೮ರಿಂದ ೯.೪ಕ್ಕೆ ಇಳಿದಿತ್ತು.

ಆದರೂ ಇದನ್ನು ಸರ್ವರಿಗೂ ಹಿತವಾದುದೆಂದು ತಿಳಿಯಬಾರದು. ಮಕ್ಕಳಲ್ಲಿ ಜ್ವರದ ಬಳಿಕ ಕಾಣುವ ರೈ ರೋಗವೆಂಬ ಮಾರಕವ್ಯಾಧಿಗೂ ಆಸ್ಪಿರಿನ್ನಿಗೂ ಸಂಬಂಧವು ಕಂಡುಬಂದುದರಿಂದ ಬ್ರಿಟನ್ನಿನಲ್ಲಿ ೧೯೮೬ರಿಂದ ೧೨ ವರ್ಷದೊಳಗಿನವರಿಗೆ ಅದನ್ನು ಕೊಡುವುದನ್ನು ನಿಲ್ಲಿಸಿದರು. ಹೃದ್ರೋಗವಿಲ್ಲದವರು ಮುನ್ನೆಚ್ಚರಿಕೆಯಾಗಿ ಸೇವಿಸುವುದರಿಂದ ಆಗುವ ಲಾಭವು ರಕ್ತಸ್ರಾವದ ಅಪಾಯದಿಂದ ಬಹುಮಟ್ಟಿಗೆ ವ್ಯರ್ಥವಾಗುವುದೆಂದು ೨೦೧೮ರ ಪರೀಕ್ಷೆಗಳು ತೋರಿಸಿದವು. ೬೦ ವರ್ಷ ದಾಟಿದವರು ಈ ಉದ್ದೇಶದಿಂದ ಹೊಸದಾಗಿ ಆರಂಭಿಸಬಾರದೆಂದು ಅಮೆರಿಕದ ತಜ್ಞಮಂಡಲಿಯು ೨೦೨೨ರಲ್ಲಿ ಸಲಹೆಯಿತ್ತಿತು.

೧೦. ಉಪಸಂಹಾರ

ಮೇಲಣ ವಿಚಾರದಿಂದ ಕೆಲವು ಅಂಶಗಳು ಸ್ಥಿರಪಡುತ್ತವೆ. ತೊಗಟೆಯ ಗುಣವನ್ನು ಪರೀಕ್ಷಿಸಿ ಬರೆದವನು ಎಡ್ವರ್ಡ್ ಸ್ಟೋನ್. ವಸ್ತುವನ್ನು ಮೊದಲು ಮಾಡಿದವನು ಗೆರ್ಹಾರ್ಟ್. ಶುದ್ಧರೂಪವನ್ನು ಕೊಟ್ಟವನು ಹೋಫ್‌ಮನ್. ಗುಣವನ್ನು ಪ್ರಕಟಿಸಿದವನು ಡ್ರೇಸರ್. ಕ್ರಿಯೆಯನ್ನು ತಿಳಿಸಿಕೊಟ್ಟವರು ವೇನ್ ಮತ್ತು ಅವರ ಬಳಿಕದವರು. ಇವರ ನಡುವೆ ಐಖೆನ್‌ಗ್ರ್ಯೂನನಿಗೂ ಒಂದು ಸ್ಥಾನವಿದೆಯೆಂಬುದನ್ನು ಒಪ್ಪಬೇಕು. ಅದರ ಅಳತೆಯನ್ನು ಕುರಿತು ವಿದ್ವಾಂಸರು ಇನ್ನೂ ಚರ್ಚಿಸಬಹುದು. ಆದರೆ ಒಂದು ದೇಶದ ಆಳರಸರು ಒಬ್ಬನನ್ನು ಗೌರವಮಂದಿರದ ಬಾಗಿಲಿನಿಂದ ಹೊರಗಿಟ್ಟರೆಂಬುದು, ಚರಿತ್ರೆಯ ಪುಟದಿಂದಲೂ ಅವನನ್ನು ಹೊರಗಿಡಲು ಕಾರಣವಾಗಲಾರದು. ಇದುವರೆಗೆ ಹೋಫ್‌ಮನ್ನನ ತಂದೆಯ ಕಥೆಯನ್ನು ನಿರ್ವಿವಾದವೆಂಬಂತೆ ಹೇಳುತ್ತ ಬಂದಿರುವ ಪಾಠಗಳಲ್ಲಿ ಅದರ ಕಾಲವನ್ನೂ ಮೂಲವನ್ನೂ ಜೊತೆಗೆ ಹೇಳುವುದು ಯುಕ್ತವಾದುದು. ಹಾಗೆ ಮಾಡಿದರೆ ಹೋಫ್‌ಮನ್ನನಿಗೆ ಸಲ್ಲತಕ್ಕ ಗೌರವವು ಕುಂದುವುದಿಲ್ಲ. ಐಖೆನ್‌ಗ್ರ್ಯೂನನಿಗೆ ಸಲ್ಲತಕ್ಕುದು ಸಂದಂತಾಗುವುದು.